ಪ್ರಸಾದ ಲೆಕ್ಕಕ್ಕಿಲ್ಲ

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿದ ಮೇಲೆ ದೇವರಾಜು ಮೊದಲು ಮಾಡಿದ ಕೆಲಸವೆಂದರೆ ನಾಲಿಗೆಯ ತುದಿಯಿಂದ ತನ್ನ ಒಸಡುಗಳನ್ನು ಈ ಕೊನೆಯಿಂದ ಆ ಕೊನೆಯವರೆಗೆ ಸವರಿ ನೋಡಿಕೊಂಡದ್ದು. ಎಲ್ಲವೂ ಗಟ್ಟಿಯಾಗಿದ್ದವು. ಸಮಾಧಾನವಾಯಿತು. ಸಮಾಧಾನವಾದದ್ದಕ್ಕೆ ನಾಚಿಕೆಯೂ ಆಯಿತು; ಆದರೆ ಅದು ಮನೆಮನೆಯ ಕರೆಂಟು ಮೀಟರು ಓದಿ ನಿವೃತ್ತನಾದವನ ನಾಚಿಕೆ, ಒಂದು ಬಾಗಿಲಲ್ಲಿ ಬೈಸಿಕೊಂಡು ಪಕ್ಕದ ಬಾಗಿಲು ತಟ್ಟಿ ಅಭ್ಯಾಸವಾದದ್ದು, ಬಸ್ಸು ಶ್ರೀರಂಗಪಟ್ಟಣದ ಸೇತುವೆ ದಾಟುವಷ್ಟರಲ್ಲಿ ಇಳಿದುಹೋಯಿತು. ಬೆಳಿಗ್ಗೆ ಅಕ್ಕನ ಸೊಸೆ ಅರ್ಪಿತ ಫೋನು ಮಾಡಿದ್ದಳು. ನಮ್ಮ ಮಾವನನ್ನು ನಾಗಮಂಗಲದ ನರ್ಸಿಂಗ್ ಹೋಮಿಗೆ ಸೇರಿಸಿದ್ದೇವೆ, ಬಾಯಲ್ಲಿ ರಕ್ತ ನಿಲ್ಲುತ್ತಿಲ್ಲ, ಕಾಲು ನೀಲಿಗಟ್ಟಿದೆ, ಹಣ್ಣು ಸೊಪ್ಪು ತಿನ್ನಲೇಬೇಕೆಂದು ಡಾಕ್ಟರು ಹೇಳುತ್ತಾರೆ, ಇವರು ಬಾಯಿ ಬಿಡುವುದಿಲ್ಲ ಎಂದು ಹೇಳಿ, ಕೊನೆಗೆ "ನೀವೇ ಬಂದು ಹೇಳ್ಬೇಕಂತೆ ಮಾವ" ಎಂದಿದ್ದಳು. ಆ ಮಾತಿನಲ್ಲಿ ಗೌರವವಿತ್ತು. ಅದರ ಅಡಿಯಲ್ಲಿ ಇನ್ನೇನೋ ಕುದಿಯುತ್ತಿತ್ತು. ಶನಿವಾರವಾದ್ದರಿಂದ ದೇವರಾಜು ತಕ್ಷಣ ಹೊರಡಲಿಲ್ಲ. ರಂಗನಾಥನ ದರ್ಶನ ಮಾಡಿ, ತೀರ್ಥ ತೆಗೆದುಕೊಂಡು, ಕೈಗೆ ಬಂದ ಪುಳಿಯೋಗರೆ ಬಾಳೆಹಣ್ಣನ್ನು ಕಣ್ಣಿಗೊತ್ತಿಕೊಂಡು ತಿಂದು, ಕಂಬದ ಬುಡದಲ್ಲಿ ಕ್ಷಣಕಾಲ ಕೂತು ಎದ್ದು ಆಮೇಲೆ ಬಸ್ ಸ್ಟ್ಯಾಂಡಿಗೆ ಬಂದಿದ್ದ. ಭಾವನ ಬಾಯಲ್ಲಿ ರಕ್ತ ಬರುತ್ತಿರುವಾಗ ಕಂಬದ ಬುಡದಲ್ಲಿ ಕೂತದ್ದು ಸರಿಯೇ ಎಂಬ ಪ್ರಶ್ನೆ ಎದ್ದಿತು. ಅದರ ತೀರ್ಮಾನವನ್ನು ದೇವರಿಗೇ ಬಿಟ್ಟ. ಇಂಥ ಪ್ರಶ್ನೆಗಳನ್ನೆಲ್ಲ ಅವನು ಅಲ್ಲಿಗೇ ಬಿಡುತ್ತಿದ್ದ, ದೇವರೂ ಈವರೆಗೆ ಒಂದನ್ನೂ ಹಿಂದಕ್ಕೆ ಕಳಿಸಿರಲಿಲ್ಲ.

ಪಾಂಡವಪುರದಲ್ಲಿ ಬಸ್ಸು ನಿಂತಾಗ ರಾಹುಲನ ಜಿಮ್ಮಿನ ಬೋರ್ಡು ಕಂಡಿತು. ಅದರಲ್ಲಿ ಒಂದು ಮೈಕಟ್ಟಿನ ಚಿತ್ರವಿತ್ತು, ಕತ್ತಿನಿಂದ ಕೆಳಗೆ ಮಾತ್ರ. ತಲೆ ಇರಲಿಲ್ಲ. ಇಷ್ಟು ತಿಂಗಳಲ್ಲಿ ಎಷ್ಟೋ ಸಲ ನೋಡಿದ್ದರೂ ಅದೊಂದು ಕೊರತೆಯೆಂದು ಅವನಿಗೆ ಅನ್ನಿಸಿರಲಿಲ್ಲ. ರಾಹುಲ್ ದಾಯಾದಿಯ ಮಗ, ದೊಡ್ಡಪ್ಪ ಎಂದು ಕರೆಯುವವನು. ಮಾಘದಲ್ಲಿ ಅಕ್ಕ ಮಂಚಮ್ಮ ಸತ್ತು ತಿಥಿಯೂಟಕ್ಕೆ ಕೂತಾಗ, ಎಲ್ಲರೂ ಎಲೆಯ ಮೇಲಿನ ಪಾಯಸವನ್ನು ಹಾವು ನೋಡಿದಂತೆ ನೋಡುತ್ತಿದ್ದಾಗ, ಅವನೇ ಬಾಯಿ ತೆರೆದದ್ದು. ಸಕ್ಕರೆ ಕಾಯಿಲೆ ಮೊದಲು ಅಕ್ಕನ ಕಾಲು ತಿಂದು ಆಮೇಲೆ ಅವಳನ್ನು ತಿಂದಿತ್ತು. ಪಂಕ್ತಿಯಲ್ಲಿ ಕೂತ ಅರ್ಧ ಜನಕ್ಕೆ ಅದೇ ಕಾಯಿಲೆ. ದೇವರಾಜುವಿಗೂ ಇತ್ತು, ಭಾವ ಮರಿಯಯ್ಯನಿಗೂ ಇತ್ತು. ಮುದ್ದೆಯೂ ಅನ್ನವೂ ಕೊಂದವು ಎಂದು ರಾಹುಲ್ ಹೇಳಿದ. ಹಣ್ಣು ಕೊಂದಿತು. ಸೊಪ್ಪೂ ಸಾಮಾನ್ಯದ್ದಲ್ಲ, ಗಿಡಕ್ಕೆ ಓಡಿಹೋಗಲು ಕಾಲಿಲ್ಲ, ಆದ್ದರಿಂದ ಅದು ಎಲೆಯಲ್ಲಿ ವಿಷ ಇಟ್ಟುಕೊಂಡಿರುತ್ತದೆ. ಮನುಷ್ಯ ತಿನ್ನಬೇಕಾದದ್ದು ಮಾಂಸ, ಉಪ್ಪು, ನೀರು. "ಹುಲಿಗೆ ಶುಗರ್ ಬಂದಿದ್ದು ಎಲ್ಲಾದ್ರೂ ಕಂಡಿದ್ದೀರಾ ದೊಡ್ಡಪ್ಪ?" ದೇವರಾಜು ಕಂಡಿರಲಿಲ್ಲ. ಅವನು ಹುಲಿಯನ್ನೇ ಕಂಡದ್ದು ಮೈಸೂರಿನ ಮೃಗಾಲಯದಲ್ಲಿ ಒಂದು ಸಲ, ಆಗ ಅದು ಮಲಗಿತ್ತು. ಆದರೂ ಆ ಮಾತು ಎದೆಗೆ ನಾಟಿತು. ಹುಲಿಗೆ ಪಿಂಚಣಿ ಬರುವುದಿಲ್ಲ, ಅದು ಅರವತ್ತೈದರವರೆಗೆ ಬದುಕುವುದೂ ಇಲ್ಲ ಎಂಬುದು ಆ ಪಂಕ್ತಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ದುಃಖದಲ್ಲಿರುವವರಿಗೆ ಉತ್ತರ ಬೇಕಿರುತ್ತದೆ, ಸರಿಯಾದದ್ದೇ ಆಗಬೇಕೆಂದಿಲ್ಲ.

ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ಬಾಡಿನಿಂದಲೇ ದೇವರಾಜು ಶುರುಮಾಡಿದ. ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿದ ಮಾಂಸ, ಉಪ್ಪು. ಮಸಾಲೆ ಕೂಡದು, ಈರುಳ್ಳಿ ಕೂಡದು, ಕೊತ್ತಂಬರಿ ಕೂಡದು. "ನಾಯಿಗೂ ಒಂದು ತುತ್ತು ಅನ್ನ ಕಲಸಿ ಆಕ್ತೀವಿ" ಎಂದು ಹೆಂಡತಿ ಹೇಳಿ ತಟ್ಟೆ ಇಟ್ಟು ಹೋಗುತ್ತಿದ್ದಳು. ಸಕ್ಕರೆ ನೋಡುವ ಮೀಟರು ಮಾತ್ರ ಅವನ ಪಕ್ಷದಲ್ಲಿತ್ತು. ಬೆರಳ ತುದಿಗೆ ಚುಚ್ಚಿ ಹನಿ ರಕ್ತ ಇಟ್ಟರೆ ದಿನೇದಿನೇ ಇಳಿಯುವ ಅಂಕಿ ತೋರಿಸುತ್ತಿತ್ತು, ಮತ್ತು ಮೀಟರು ಸುಳ್ಳು ಹೇಳುವುದಿಲ್ಲ ಎಂದು ನೌಕರಿಯುದ್ದಕ್ಕೂ ಜನರೊಂದಿಗೆ ವಾದಿಸಿದವನು ಈಗ ತನ್ನ ಮೀಟರಿನ ಮಾತು ತೆಗೆದುಹಾಕುವುದು ಹೇಗೆ? ಸೋಮವಾರ ಶನಿವಾರ ಅವನ ಮನೆಯಲ್ಲಿ ಬಾಡು ಒಲೆಗೆ ಏರುವುದಿಲ್ಲ. ಆ ಎರಡು ದಿನ ಉಪವಾಸ. ಉಪವಾಸವೆಂದ ಮೇಲೆ ದೇವಸ್ಥಾನ, ದೇವಸ್ಥಾನವೆಂದ ಮೇಲೆ ಪ್ರಸಾದ. ಒಂದು ದಿನ ಕೋಸಂಬರಿ, ಒಂದು ದಿನ ಮೊಸರನ್ನ, ಪಂಚಾಮೃತ, ಹಣ್ಣು. ಶುಕ್ರವಾರ ಗಂಜಾಂನ ನಿಮಿಷಾಂಬೆಯ ಸನ್ನಿಧಿಯಿಂದ ತಂದ ನಿಂಬೆಹಣ್ಣನ್ನು ಬಿಸಾಡಬಾರದೆಂದು ಹಿಂಡಿಕೊಂಡು ಕುಡಿಯುತ್ತಿದ್ದ. ಇದು ಊಟವಲ್ಲ. ಊಟವೆಂದರೆ ಮನುಷ್ಯ ಬಡಿಸಿದ್ದು. ಇದು ದೇವರು ಕೊಟ್ಟದ್ದು. ಆ ದಿನಗಳಲ್ಲಿ ಬೆರಳಿಗೆ ಚುಚ್ಚಿಕೊಳ್ಳುತ್ತಿರಲಿಲ್ಲ. ದೇವರ ದಿನ ರಕ್ತ ತೆಗೆಯಬಾರದು. ಹೀಗಾಗಿ ಮೀಟರಿಗೂ ಪ್ರಸಾದದ ವಿಷಯ ತಿಳಿಯಲಿಲ್ಲ. ಕೃಷ್ಣರಾಜಪೇಟೆಯಲ್ಲಿ ಒಂದು ಬೀಗರೂಟಕ್ಕೆ ಹೋದಾಗ ಮುದ್ದೆಯನ್ನು ಬೆರಳಿನಿಂದ ಎಲೆಯ ಅಂಚಿಗೆ ತಳ್ಳಿದ. ಬಡಿಸುವವನು "ಬರೀ ಪೀಸಾ ಅಣ್ಣ?" ಎಂದು ಗಟ್ಟಿಯಾಗಿ ಕೇಳಿದ, ಇಡೀ ಸಾಲು ತಿರುಗಿ ನೋಡಿತು. ಪೀಸಿನ ಆಸೆಗೆ ಬಂದವನೆಂದು ತಿಳಿದಾರು ಎಂದು ಕಿವಿ ಬಿಸಿಯಾಗಿ, ಅದನ್ನು ಮುಚ್ಚಿಕೊಳ್ಳಲು ಅವನು ಹುಲಿಯ ಮಾತು ಎತ್ತಿದ. ಕೈ ಒಣಗುವವರೆಗೂ ಹೇಳಿದ. ಬರೀ ಮಾಂಸ, ಬೇರೆ ಒಂದು ತುತ್ತೂ ಬಾಯಿಗಿಟ್ಟಿಲ್ಲ ಎಂದು ಹೇಳುವಾಗ ಅವನ ದನಿಯಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ.

ಬಸ್ಸು ಜಕ್ಕನಹಳ್ಳಿ ಕಡೆಯ ಏರು ಹತ್ತುತ್ತಿತ್ತು. ನೀರಾವರಿಯ ಹಸಿರು ಹಿಂದೆ ಉಳಿದು ಕಲ್ಲು, ಹುರುಳಿ ಹೊಲ, ಕುರುಚಲು ಶುರುವಾದವು. ಮರಿಯಯ್ಯನ ಊರು ದೇವಲಾಪುರದ ಆಚೆ, ಇದಕ್ಕಿಂತ ಒಣನೆಲ. ಹುಟ್ಟಿದಾಗಿನಿಂದ ರಾಗಿ ಬೆಳೆದು ರಾಗಿ ತಿಂದವನಿಗೆ ರಾಗಿ ವಿಷ ಎಂಬ ಸಂಗತಿ ಪಟ್ಟಣದ ಬಾಮೈದನ ಫೋನಿನಿಂದ ಖಾತ್ರಿಯಾಯಿತು. ಅವನು ಎದುರಾಡಲಿಲ್ಲ. ದೇವರಾಜು ಓದಿದವನು, ಹೇಳುತ್ತಾನೆ ಎಂದು ಒಪ್ಪಿಕೊಂಡ. ಆ ದಿನದಿಂದ ದೇವರಾಜು ಬೆಳಿಗ್ಗೆ ಪೂಜೆ ಮುಗಿಸಿ ಫೋನು ಮಾಡುವುದು ರೂಢಿಯಾಯಿತು. ಎಷ್ಟು ಬಂತು ಭಾವ, ಎಂದು ಕೇಳುವುದು. ಅವನು ಅಂಕಿ ಹೇಳುವುದು. ಏನು ತಿಂದೆ, ಎಂದು ಕೇಳುವುದು. ಅವನು ಕುರಿಯೋ ಕೋಳಿಯೋ ಹೇಳುವುದು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿರುವುದು. ಆ ಸುಮ್ಮನಿರುವಲ್ಲಿ ಅಕ್ಕ ಇದ್ದಳು. ಇಬ್ಬರೂ ಅವಳ ಹೆಸರೆತ್ತದೆ ಫೋನು ಇಡುತ್ತಿದ್ದರು. ಅವಳ ಕಾಲು ತೆಗೆದಾಗ ದೇವರಾಜು ಒಮ್ಮೆ ನೋಡಲು ಹೋಗಿದ್ದ. ಹೊದಿಕೆಯ ಕೆಳಗೆ ಒಂದು ಕಡೆ ಉಬ್ಬು, ಇನ್ನೊಂದು ಕಡೆ ಸಪಾಟು. ಅವನು ತಲೆಯೆತ್ತಿ ಫ್ಯಾನು ನೋಡುತ್ತ ಕೂತಿದ್ದ. ಚಿಕ್ಕಂದಿನಲ್ಲಿ ಕಂಕುಳಲ್ಲಿ ಹೊತ್ತು ತಿರುಗಿದವಳು "ಉಂಡ್ಕಂಡ್ ಓಗಪ್ಪ" ಎಂದಿದ್ದಳು. ಬಸ್ಸು ತಪ್ಪುತ್ತದೆ ಎಂದು ಹೇಳಿ ಎದ್ದಿದ್ದ. ಬಸ್ಸು ಇನ್ನೂ ಬೇಕಾದಷ್ಟಿದ್ದವು.

ಅಕ್ಕ ಸತ್ತಾಗ ದೇವರಾಜುವಿಗೆ ಮೂರು ದಿನದ ಸೂತಕ. ಕೊಟ್ಟ ಹೆಣ್ಣು ಬೇರೆ ಮನೆಯವಳು. ತಲೆಗೆ ನೀರು ಹಾಕಿಕೊಂಡು ದೇವಸ್ಥಾನಕ್ಕೆ ಹೋಗಿಬಿಡಬಹುದು, ಹೋದ. ಮರಿಯಯ್ಯನ ಮನೆಗೆ ಒಂದು ವರ್ಷ ಹಬ್ಬವಿಲ್ಲ, ಗುಡಿಯ ಹೊಸಿಲು ತುಳಿಯುವಂತಿಲ್ಲ. ವೈಶಾಖದಲ್ಲಿ ದೇವರಾಜು ನಿಮಿಷಾಂಬೆಯ ಪ್ರಸಾದ ಒಯ್ದಾಗ ಅವನು ಬಾಗಿಲಲ್ಲೇ ಕೈಮುಗಿದು, "ಮನೇಲಿ ವರ್ಷ ತುಂಬಿಲ್ಲ, ದೇವ್ರುದ್ನ ಒಳಿಕ್ ತರ್ಬೇಡ ಕಣಪ್ಪ" ಎಂದು ತಿರುಗಿಸಿ ಕಳಿಸಿದ್ದ. ದೇವರಾಜುವಿಗೆ ಆಗ ಭಾವನ ಕಟ್ಟುನಿಟ್ಟಿನ ಮೇಲೆ ಅಭಿಮಾನ ಬಂದು, ಆ ನಿಂಬೆಹಣ್ಣನ್ನು ಮನೆಗೆ ವಾಪಸು ತಂದು ತಾನೇ ಹಿಂಡಿಕೊಂಡು ಕುಡಿದ. ಸೋಮವಾರ ಶನಿವಾರ ಮರಿಯಯ್ಯನೂ ಉಪವಾಸ ಮಾಡುತ್ತಿದ್ದ. ಅವನಿಗೆ ಪ್ರಸಾದ ಇರಲಿಲ್ಲವಾದ್ದರಿಂದ ಅವನ ಉಪವಾಸದಲ್ಲಿ ನೀರಲ್ಲದೆ ಬೇರೇನೂ ಇರಲಿಲ್ಲ. ಜ್ಯೇಷ್ಠದ ಒಂದು ಬೆಳಿಗ್ಗೆ ಅಂಕಿ ಹೇಳಿದ ಮೇಲೆ, ಹಲ್ಲುಜ್ಜುವಾಗ ರಕ್ತ ಬರುತ್ತದೆ, ಹಳೆಯ ಗಾಯವೊಂದು ಮತ್ತೆ ಬಾಯಿ ಬಿಟ್ಟಿದೆ ಎಂದು ಮೆಲ್ಲಗೆ ಹೇಳಿದ. ದೇವರಾಜು ರಾಹುಲನನ್ನು ಕೇಳಿದ. ಮೈಯಲ್ಲಿ ಇಷ್ಟು ವರ್ಷ ತುಂಬಿದ ಕೊಳೆ ಹೊರಗೆ ಹೋಗುತ್ತಿದೆ, ಒಳ್ಳೆಯದೇ ಎಂದು ರಾಹುಲ್ ಹೇಳಿದ; ದೇವರಾಜು ಆ ಮಾತನ್ನು ಇಲಾಖೆಯ ಸುತ್ತೋಲೆಯಂತೆ ಒಂದಕ್ಷರ ಬದಲಾಯಿಸದೆ ಭಾವನಿಗೆ ದಾಟಿಸಿದ. ಅಷ್ಟು ರಕ್ತ ಕೊಳೆಯಾಗಿರಲು ಆ ಮನುಷ್ಯ ಏನು ಪಾಪ ಮಾಡಿದ್ದ ಎಂದು ರಾಹುಲನೂ ಕೇಳಲಿಲ್ಲ, ದೇವರಾಜುವೂ ಕೇಳಲಿಲ್ಲ.

ನರ್ಸಿಂಗ್ ಹೋಮಿನ ಮೊಗಸಾಲೆಯ ಬೆಂಚಿನ ಮೇಲೆ ಅರ್ಪಿತ ಟಿಫನ್ ಕ್ಯಾರಿಯರು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗಂಡ ಕಾರ್ಖಾನೆಯ ಪಾಳಿಗೆ ಹೋಗಿದ್ದಾನೆ, ಸಂಜೆ ಬರುತ್ತಾನೆ ಎಂದಳು. ಮಾವ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದಾರೆ, ಆದರೆ ನಾಳೆ ಮನೆಗೆ ಹೋಗಿ ಮತ್ತೆ ಅದನ್ನೇ ತಿನ್ನುತ್ತೇನೆ ಅನ್ನುತ್ತಾರೆ. ಇಷ್ಟು ಹೇಳಿ ಕ್ಯಾರಿಯರಿನ ಮುಚ್ಚಳವನ್ನು ಸೆರಗಿನಿಂದ ಒರೆಸತೊಡಗಿದಳು. ತಿಂಗಳುಗಟ್ಟಲೆ ಅವಳು ಬಸಿದ ಸೊಪ್ಪು, ತಿರುವಿದ ಮುದ್ದೆ ವಾಪಸು ಹೋಗಿದ್ದವು. ಅಷ್ಟರಲ್ಲಿ ಒಳಗಿನಿಂದ ಚಿಕ್ಕ ವಯಸ್ಸಿನ ಡಾಕ್ಟರು ಸ್ನೇಹ ಬಂದು, ಪಟ್ಟಣದ ಮಾವ ಎಂದರೆ ನೀವೇನಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಾಯಿ ತೆಗೆಯಲು ಹೇಳಿದಳು. ಅಲ್ಲೇ, ಬೆಂಚಿನ ಸಾಲಿನ ಮುಂದೆ. ದೇವರಾಜು ಬಾಯಿ ತೆರೆದ. ಟಾರ್ಚಿನ ಬೆಳಕು ಗಂಟಲವರೆಗೆ ಇಳಿಯಿತು. ಪಕ್ಕದಲ್ಲಿ ಕೈಗೆ ಬ್ಯಾಂಡೇಜು ಕಟ್ಟಿಸಿಕೊಂಡು ಕೂತಿದ್ದವನು ಬಗ್ಗಿ ಒಳಗೆ ನೋಡಿದ. ಡಾಕ್ಟರು ಒಸಡು ಒತ್ತಿದಳು, ಪಂಚೆ ಮೊಣಕಾಲಿನವರೆಗೆ ಎತ್ತಿಸಿ ಕಾಲಿನ ಚರ್ಮ ನೋಡಿದಳು. ಮೀಟರು ಓದುವವನಾಗಿದ್ದವನು ಈಗ ಮೀಟರಿನಂತೆ ಗೋಡೆಗೆ ಆತು ನಿಂತಿದ್ದ. ಎಲ್ಲ ಚೆನ್ನಾಗಿದೆಯಲ್ಲ ಎಂದಳು ಅವಳು, ಮೋಸಹೋದವಳಂತೆ.

ಮರಿಯಯ್ಯನಿಗೆ ಬಂದಿರುವುದು ಸ್ಕರ್ವಿ ಎಂದು ಆಕೆ ವಿವರಿಸಿದಳು. ಹಿಂದಿನ ಕಾಲದಲ್ಲಿ ತಿಂಗಳುಗಟ್ಟಲೆ ಹಡಗಿನಲ್ಲಿ ಇದ್ದವರಿಗೆ ಬರುತ್ತಿತ್ತು. ಪುಸ್ತಕದಲ್ಲಿ ಓದಿದ್ದೆ, ಕಣ್ಣಲ್ಲಿ ನೋಡಿರಲಿಲ್ಲ ಎಂದಳು. ಸಮುದ್ರವಿರಲಿ, ಕೆರೆ ತುಂಬಿದ್ದೂ ಅಪರೂಪವಾದ ದೇವಲಾಪುರದ ಕಡೆಯವನಿಗೆ ಹಡಗಿನ ಕಾಯಿಲೆ ತಂದುಕೊಟ್ಟ ಹೆಮ್ಮೆ ದೇವರಾಜುವಿನದಾಯಿತು. ಸಕ್ಕರೆ ಇಳಿದಿರುವುದು ನಿಜವೇ, ಎಂದಳು. ಆದರೆ ಒಸಡು, ಚರ್ಮ, ರಕ್ತನಾಳ ಹಿಡಿದು ನಿಲ್ಲಲು ವಿಟಮಿನ್ ಸಿ ಬೇಕು. ಹಣ್ಣಿನಲ್ಲಿ ಸೊಪ್ಪಿನಲ್ಲಿ ಇರುವುದು, ಕುಕ್ಕರಿನಲ್ಲಿ ಬೆಂದ ಮಾಂಸದಲ್ಲಿ ಹುಡುಕಿದರೂ ಸಿಗದು. ಅದಿಲ್ಲದೆ ಒಳಗೇ ರಕ್ತ ಸೋರಿ ಮೈಯಲ್ಲಿ ರಕ್ತ ಕಡಿಮೆಯಾಗಿದೆ. ಇಲ್ಲಿ ಸರಿಮಾಡಿ ಕಳಿಸಬಹುದು, ಮನೆಗೆ ಹೋಗಿ ಮತ್ತೆ ಅದನ್ನೇ ಹಿಡಿದರೆ ಮುಂದಿನ ಸಲ ಇಲ್ಲಿಗೆ ತರುವ ಹೊತ್ತಿಗೆ ಹೃದಯ ತಡೆಯದು. ಅಷ್ಟು ಹೇಳಿ ಆಕೆ ಅವನ ಮುಖ ನೋಡಿದಳು.

"ನೀವೂ ಅದೇ ತಿಂದ್ರೆ ನಿಮಗೂ ಬರಬೇಕಿತ್ತು. ಬೇರೆ ಏನು ತಿಂತೀರಿ?"

"ಏನೂ ಇಲ್ಲ. ಸೋಮವಾರ ಶನಿವಾರ ಉಪವಾಸ."

"ಉಪವಾಸ ಅಂದ್ರೆ?"

"ಪ್ರಸಾದ ಅಷ್ಟೆ."

ಪ್ರಸಾದದಲ್ಲಿ ಏನೇನಿರುತ್ತದೆ ಎಂದು ಆಕೆ ಕೇಳಿದಳು. ಅವನು ಹೇಳತೊಡಗಿದ. ಕೋಸಂಬರಿಯ ಸೌತೆಕಾಯಿ, ಬಾಳೆಹಣ್ಣು, ನಿಂಬೆಹಣ್ಣು. ಒಂದೊಂದನ್ನೂ ಹೇಳಿದಂತೆ ಮಾತು ಸಣ್ಣದಾಗುತ್ತ ಬಂತು. ಟಿಫನ್ ಕ್ಯಾರಿಯರಿನ ಮೇಲಿದ್ದ ಅರ್ಪಿತಳ ಕೈ ನಿಂತಿತು. ಅವಳು ಕತ್ತು ತಿರುಗಿಸಿ ಅವನನ್ನು ನೋಡಿದಳು. ಅದೇ ನಿಮ್ಮನ್ನು ಉಳಿಸಿರುವುದು ಎಂದಳು ಡಾಕ್ಟರು. ಬೇರೆ ಯಾವ ದಿನ ಒಬ್ಬ ಡಾಕ್ಟರು ಈ ಮಾತು ಆಡಿದ್ದರೂ ಅವನು ಅದನ್ನು ಗಂಜಾಂವರೆಗೆ ಸಾರಿಕೊಂಡು ಹೋಗುತ್ತಿದ್ದ. ದೇವರು ತನ್ನನ್ನು ಕೈಬಿಟ್ಟಿರಲಿಲ್ಲ, ಕದ್ದು ಉಣ್ಣಿಸಿದ್ದ. ಬಾಗಿಲಲ್ಲಿ ಕೈಮುಗಿದು ನಿಂತ ಇನ್ನೊಬ್ಬನಿಗೆ ಮಾತ್ರ, ಅವನ ಹೆಂಡತಿ ಸತ್ತಿದ್ದಾಳೆಂಬ ಕಾರಣಕ್ಕೆ, ಏನೂ ಮುಟ್ಟಿರಲಿಲ್ಲ. ದೇವರಾಜುವಿಗೆ ದೇವರ ಮೇಲೆ ಸಿಟ್ಟು ಬಂತು, ಬಂದದ್ದಕ್ಕೆ ಹೆದರಿ ಕೆನ್ನೆ ಬಡಿದುಕೊಂಡ. ಆ ನಿಂಬೆಹಣ್ಣನ್ನು ಹಿಂದಕ್ಕೆ ತಂದು ಹಿಂಡಿಕೊಂಡದ್ದು ದೇವರಲ್ಲ.

"ಇದನ್ನ ಅವರಿಗೆ ನೀವೇ ಹೇಳಿ," ಎಂದಳು ಡಾಕ್ಟರು. "ನಾನು ಹೇಳಿದ್ರೆ ಹುಲಿ ಕಥೆ ಹೇಳ್ತಾರೆ."

ವಾರ್ಡಿನ ಬಾಗಿಲವರೆಗಿನ ದಾರಿಯಲ್ಲಿ ದೇವರಾಜು ಬೇರೊಂದು ಮಾತು ಸಿದ್ಧಮಾಡಿಕೊಂಡ. ಹೊಸದಾಗಿ ಕಂಡುಹಿಡಿದಿದ್ದಾರಂತೆ, ಈಗ ಮಾಂಸದ ಜೊತೆ ಹಣ್ಣು ಸೊಪ್ಪೂ ತಿನ್ನಬೇಕಂತೆ, ನಾನೂ ನಾಳೆಯಿಂದ ಹಾಗೇ ಮಾಡುತ್ತೇನೆ ಎಂದುಬಿಟ್ಟರೆ ಭಾವ ತಿನ್ನುತ್ತಾನೆ, ತನ್ನ ಮಾತೂ ಉಳಿಯುತ್ತದೆ. ಭಾವನಿಗೆ ಬೇಕಾದದ್ದು ಸೊಪ್ಪು, ಸತ್ಯವಲ್ಲ. ಈ ತರ್ಕದಲ್ಲಿ ಒಂದು ತಪ್ಪೂ ಇರಲಿಲ್ಲ. ಅದಕ್ಕೇ ಅವನಿಗೆ ಅದರ ಮೇಲೆ ಅನುಮಾನ ಬಂತು.

ಮರಿಯಯ್ಯ ದಿಂಬಿಗೆ ಒರಗಿದ್ದ. ಮುಖದಲ್ಲಿ ರಕ್ತವಿಲ್ಲದೆ ಮಂಚದ ಬಟ್ಟೆಯ ಬಣ್ಣಕ್ಕೆ ಬಂದಿದ್ದ. ತುಟಿಯ ಮೂಲೆಯಲ್ಲಿ ಒಣಗಿದ ಗೆರೆ. ಹೊದಿಕೆಯ ಹೊರಗೆ ಒಂದು ಕಾಲು ಚಾಚಿತ್ತು, ಮೀನಖಂಡದಿಂದ ಕೆಳಗೆ ನೇರಳೆ ಬದನೆಕಾಯಿಯ ಬಣ್ಣ. ದೇವರಾಜುವಿನ ಕಣ್ಣು ತಾನಾಗಿಯೇ ಮೇಲೆ ಹೋಯಿತು. ಫ್ಯಾನು ಮೆಲ್ಲಗೆ ತಿರುಗುತ್ತಿತ್ತು.

"ಹೊಸದಾಗಿ ಕಂಡುಹಿಡ್ದವ್ರಂತೆ ಭಾವ," ಎಂದು ಶುರುಮಾಡಿದ. ಮರಿಯಯ್ಯ ಕಾಯುತ್ತಿದ್ದ. ಅವನ ಮುಖದಲ್ಲಿ ಬೆಳಗಿನ ಫೋನಿನಲ್ಲಿ ಅಂಕಿ ಹೇಳಿದ ಮೇಲೆ ಬರುತ್ತಿದ್ದಂಥ ಮೌನವಿತ್ತು. ಅದು ಹೀಗೆ ಕಾಣುತ್ತದೆಂದು ದೇವರಾಜುವಿಗೆ ಗೊತ್ತಿರಲಿಲ್ಲ. ಅವನು ಕಣ್ಣು ಇಳಿಸಿ ಕಾಲನ್ನೇ ನೋಡಿದ. ಆಮೇಲೆ ಹೇಳಿದ. ಬರೀ ಮಾಂಸ ತಿಂದದ್ದು ನಿಜವಲ್ಲ, ವಾರವಾರವೂ ಅನ್ನ ತಿಂದಿದ್ದೇನೆ, ಹಣ್ಣು ತಿಂದಿದ್ದೇನೆ, ನೀನು ಬೇಡವೆಂದು ತಿರುಗಿಸಿದ ನಿಂಬೆಹಣ್ಣನ್ನೂ ನಾನೇ ಕುಡಿದಿದ್ದೇನೆ, ಪ್ರಸಾದ ಲೆಕ್ಕಕ್ಕಿಲ್ಲ ಎಂದುಕೊಂಡಿದ್ದೆ.

"ನಂಗೊತ್ತಿತ್ತು ಕಣ್ಲಾ," ಎಂದ ಮರಿಯಯ್ಯ.

ದೇವರಾಜು ಮಂಚದ ಕಂಬಿ ಹಿಡಿದುಕೊಂಡ.

"ದೇವಸ್ಥಾನಕ್ ಓದೋನು ಬರೀ ಬಾಯಲ್ಲಿ ಬತ್ತಾನಾ? ನಿಂಗೆ ದೇವ್ರು ಕೊಡ್ತಾವ್ನೆ, ನಂಗೆ ವರ್ಷ ತುಂಬಲಿ, ಆಮೇಕೆ ನಾನೂ ಓಗಿ ತಿಂತೀನಿ ಅಂದ್ಕಂಡಿದ್ದೆ."

"ರಕ್ತ ಬಂದಾಗ್ಲಾದ್ರೂ ಬುಡಬಾರ್ದಿತ್ತಾ ಭಾವ?"

"ಬುಟ್ಟಿದ್ರೆ ನೀನು ಪೋನು ಮಾಡ್ತಿದ್ದಾ?" ಮರಿಯಯ್ಯ ತುಟಿಯ ಮೂಲೆ ಒರೆಸಿಕೊಂಡ. "ನಿಮ್ಮಕ್ಕ ಬದುಕಿದ್ದಾಗ ಒಂದಿನ ಮಾಡ್ದೋನಲ್ಲ. ಅವಳು ಓದ್ಮೇಲೆ ದಿನಾ ಮಾಡ್ದೆ. ಮುದ್ದೆ ತಿಂದೆ ಅಂದ್ಬುಟ್ರೆ ಬೈದು ಪೋನು ಮಡಗ್ಬುಡ್ತೀಯ ಅಂತ."

ಅಷ್ಟರಲ್ಲಿ ಅರ್ಪಿತ ಒಳಗೆ ಬಂದಿದ್ದಳು. ಸ್ಟೂಲಿನ ಮೇಲೆ ಕ್ಯಾರಿಯರು ಬಿಚ್ಚಿ, ಮುದ್ದೆಯನ್ನು ತಟ್ಟೆಗೆ ಹಾಕಿ, ಸೊಪ್ಪಿನ ಬಸ್ಸಾರು ಬಗ್ಗಿಸಿದಳು. ಮರಿಯಯ್ಯ ತಟ್ಟೆಯನ್ನು ಬಾಮೈದನ ಕಡೆ ತಳ್ಳಿ, "ನೀನು ಮುರಿ ಮೊದ್ಲು" ಎಂದ. ಶನಿವಾರ. ವರ್ಷ ತುಂಬದ ಮನೆಯ ಅನ್ನ. ಯಾವ ದೇವರ ಮುಂದೆಯೂ ಇಟ್ಟು ತಂದದ್ದಲ್ಲ, ಆದ್ದರಿಂದ ಲೆಕ್ಕಕ್ಕೆ ಬರುವಂಥದ್ದು. ದೇವರಾಜು ಮುದ್ದೆಯ ಅಂಚು ಮುರಿದು, ಸಾರಿನಲ್ಲಿ ಅದ್ದಿ ನುಂಗಿದ. ಸೊಪ್ಪಿನ ಕಹಿಯೂ ಹುಳಿಯೂ ಗಂಟಲಿನಲ್ಲಿ ಇಳಿಯಿತು. ಮರಿಯಯ್ಯ ಅವನ ಗಂಟಲಿನ ಗಂಟು ಮೇಲೆ ಹೋಗಿ ಕೆಳಗೆ ಬರುವುದನ್ನು ಸರಿಯಾಗಿ ನೋಡಿದ ಮೇಲೆ ತಾನೂ ಒಂದು ತುತ್ತು ಮುರಿದ. ಅವನ ಹಲ್ಲುಗಳು ಅಲುಗಾಡುತ್ತಿದ್ದವು, ಬಾಡು ಅಗಿಯಲು ಇನ್ನು ಆಗುತ್ತಿರಲಿಲ್ಲ. ಮುದ್ದೆ ಅಗಿಯುವ ಊಟವಲ್ಲ. ಖಾರ ಒಸಡಿಗೆ ತಾಗಿ ಕಣ್ಣು ಬಿಗಿಯಾಗಿ ಮುಚ್ಚಿದ, ನುಂಗಿದ, ಇನ್ನೊಂದು ಮುರಿದ. ಹಾಗೆ ಅರ್ಧ ಮುದ್ದೆ ಮುಗಿಯಿತು.

"ನಾಳಿಕೆ ಪೋನು ಮಾಡಿದ್ರೆ ಏನ್ ಕೇಳ್ತೀಯ?" ಎಂದ ಆಮೇಲೆ.

ದೇವರಾಜು ಯೋಚಿಸಿದ. ಅಂಕಿ ಬಿಟ್ಟರೆ ಅವನಿಗೆ ಕೇಳಲು ಬರುತ್ತಿದ್ದುದು ಬಹಳ ಕಡಿಮೆ.

"ಅಕ್ಕ ಬಸ್ಸಾರಿಗೆ ಏನೇನ್ ಆಕ್ತಿದ್ಲು, ಅದ್ನ ಕೇಳ್ತೀನಿ."

"ನಂಗೇನ್ ಗೊತ್ತಪ್ಪ," ಎಂದ ಮರಿಯಯ್ಯ. "ನಾನು ತಿಂದೋನು."

ಇಬ್ಬರೂ ಒಟ್ಟಿಗೆ ಅರ್ಪಿತಳ ಕಡೆ ತಿರುಗಿದರು. ಅವಳು ಮೂಲೆಯ ನಲ್ಲಿಯಲ್ಲಿ ಕ್ಯಾರಿಯರಿನ ಮುಚ್ಚಳ ತೊಳೆಯುತ್ತಿದ್ದಳು, ತಿರುಗಿ ನೋಡಲಿಲ್ಲ.